ಹುಣಸೆಬೀಜದ ಗಂಜಿಯ ಸಂಸ್ಥಾಪಕರು

ಶಾಲೆಗಳಿಗೆ ಪುಸ್ತಕ ಆರಿಸಿ ಕಳಿಸುವ ಮಾನ್ಯ ಅಧಿಕಾರಿಗಳೇ,

ನೀವು ಈ ವರ್ಷ ತಾಳಗುಂದದ ಶಾಲೆಗೆ ಕಳಿಸಿದ ಪುಸ್ತಕವೊಂದು, ಹೋದ ಮಾಘದಲ್ಲಿ ತೀರಿಕೊಂಡ ನನ್ನ ಹೆಂಡತಿಯನ್ನು ಮೊಮ್ಮಗಳ ಕಣ್ಣಲ್ಲಿ ಸುಳ್ಳುಗಾತಿ ಮಾಡಿದೆ. ಅದಕ್ಕಾಗಿ ಈ ಪತ್ರ.

ಉದ್ಯಮ ಕಟ್ಟಿದವರ ಜೀವನವನ್ನು ಮಕ್ಕಳಿಗೆ ಹೇಳುವ ನಿಮ್ಮ ಎಂಟೂ ಪುಸ್ತಕ ಓದಿದೆ. ಹೆಂಡತಿ ಹೋದ ಮೇಲೆ ನನಗೆ ಪುರುಸೊತ್ತಿಗೆ ಕೊರತೆಯಿಲ್ಲ. ಎಂಟು ಸಂಸ್ಥಾಪಕರೂ ಬೀದಿದೀಪದ ಕೆಳಗೇ ಓದಿದ್ದಾರೆ. ಎಂಟು ತಾಯಂದಿರೂ ಒಂದೇ ಹಸಿರು ಸೀರೆ ಉಟ್ಟಿದ್ದಾರೆ. ಚಿತ್ರಕಾರರಿಗೆ ಬೇರೆ ಬಣ್ಣ ಸಿಗಲಿಲ್ಲವೇನೋ. ಎಲ್ಲರಿಗೂ ಹತ್ತನೇ ವಯಸ್ಸಿಗೇ ಜ್ಞಾನೋದಯ. ಯಾರಿಗೂ ಯಾರೂ ಏನನ್ನೂ ಕಲಿಸಿಲ್ಲ. ಹಾಗಾದರೆ ಇವರ ಕಥೆಯನ್ನು ಶಾಲೆಗೇ ಏಕೆ ಕಳಿಸಿದಿರಿ, ಸ್ವಾಮಿ?

ಐದನೆಯದು ಸೊರಬದ ಕಡೆಯ ಕಂಬಳಿ ಕಂಪನಿಯ ಸಂಸ್ಥಾಪಕರದು. ಬಾಲ್ಯದಲ್ಲಿ ಹುಣಸೆಮರದಡಿ ಕೂತು, ಉದುರಿದ ಬೀಜ ನೋಡಿ, ಇದರ ಗಂಜಿ ಬಳಿದರೆ ಉಣ್ಣೆಯ ನೂಲು ಗಟ್ಟಿಯಾಗುತ್ತದೆಂದು ಕಂಡುಹಿಡಿದರಂತೆ. ನಮ್ಮ ಕಡೆ ಕುರಿ ಸಾಕುವವರ ಮನೆಗಳಲ್ಲಿ ಆ ಗಂಜಿ ಇವರ ಮುತ್ತಜ್ಜ ಹುಟ್ಟುವ ಮೊದಲೇ ಕುದಿಯುತ್ತಿತ್ತು.

ನಾನು ದಿನಚರಿ ಬರೆಯುವವನು. 2009ರದನ್ನು ತೆಗೆದು ನೋಡಿದೆ. ಈ ಮಹನೀಯರು ಬೈಕಿನಲ್ಲಿ ನಮ್ಮ ಮನೆಗೆ ಬಂದಾಗ ತಲೆ ಅರ್ಧ ನರೆತಿತ್ತು. ಬೀಜ ಹುರಿಯದೆ, ಸಿಪ್ಪೆ ಸಮೇತ ಕುದಿಸಿ, ಕೆಂಪು ಕೊಚ್ಚೆಯಂಥದ್ದನ್ನು ಡಬ್ಬಿಯಲ್ಲಿ ತಂದಿದ್ದರು. ನನ್ನ ಹೆಂಡತಿ ಗುತ್ಯಮ್ಮ ಮುಚ್ಚಳ ತೆಗೆದು, “ಏನ್ ಸಾವ್ಕಾರ್ರೇ, ಇದನ್ನ ಎಮ್ಮೇನೂ ಮೂಸಲ್ಲ. ಬರ್ರಿ, ಸೌಟು ಹಿಡೀರಿ” ಅಂದಳು. ಮೂರು ದಿನ ಕಲಿಸಿದಳು.

“ನಿಮಗ್ಯಾರು ಕಲಿಸಿದ್ರಮ್ಮ?” ಎಂದು ಅವರೇ ಕೇಳಿದರು.

“ನಮ್ಮತ್ತೆ. ಅವ್ರಿಗೆ ಅವರತ್ತೆ. ಎಲ್ಲಾ ಬೈಸ್ಕೊಂಡೇ ಕಲ್ತಿದ್ದು.”

ಆ ಅತ್ತೆ ಸೊಸೆಯರನ್ನೆಲ್ಲ ನಿಮ್ಮ ಲೇಖಕರು ಒಂದೇ ಮರದಡಿ ಹೂತುಹಾಕಿದ್ದಾರೆ.

ಕಳೆದ ತಿಂಗಳು ಆ ಪುಸ್ತಕಗಳ ಮೇಲೆ ಪರೀಕ್ಷೆ ಇಟ್ಟರು. ಹುಣಸೆಬೀಜದ ಗಂಜಿ ಕಂಡುಹಿಡಿದವರು ಯಾರು? ಐದನೇ ತರಗತಿಯ ಮೊಮ್ಮಗಳು ಸುಷ್ಮಿತಾ, ‘ನಮ್ಮಜ್ಜಿಗೆ ಅವರತ್ತೆ ಕಲಿಸಿದ್ದು’ ಎಂದು ಬರೆದಳು. ಮೇಷ್ಟ್ರು ಕೆಂಪು ಗೀಟು ಎಳೆದು, ಅವಳನ್ನು ಎದ್ದು ನಿಲ್ಲಿಸಿ, ಇಡೀ ತರಗತಿಗೆ ಕೇಳುವಂತೆ ಸರಿಯುತ್ತರ ಓದಿಸಿದರು. ಅವರನ್ನು ಬೈದು ಫಲವಿಲ್ಲ. ಉತ್ತರವನ್ನೂ ನೀವೇ ಅಚ್ಚು ಹಾಕಿಸಿ ಕಳಿಸಿದ್ದಿರಿ. ಮಗು ಮನೆಗೆ ಬಂದು, “ಅಜ್ಜಾ, ಅಜ್ಜಿ ನಂಗೆ ಸುಳ್ಳು ಹೇಳ್ತಿದ್ಲಾ?” ಎಂದಿತು.

ಶಿಕಾರಿಪುರಕ್ಕೆ ಹೋಗಿ ನಿಮ್ಮ ಗುಮಾಸ್ತರನ್ನು ಕಂಡೆ.

“ನಿಮ್ಮನೆಯೋರ ಹೆಸ್ರಲ್ಲಿ ಕಂಪನಿ ಗಿಂಪನಿ ಐತೇನ್ರೀ ಯಜಮಾನ್ರೇ?”

ಇಲ್ಲವೆಂದೆ.

“ಮತ್ತೆ ಪುಸ್ತಕದಾಗೆ ಹೆಂಗ್ರೀ ಬರ್ತಾರೆ?”

ಅವಳು ಪುಸ್ತಕದಲ್ಲಿ ಬರುವುದು ಬೇಡ. ಸಂಸ್ಥಾಪಕಿ ಎಂದು ಕರೆಯುವುದೂ ಬೇಡ. ಹಾಗೆಂದರೆ ಅವಳೇ ನಗುತ್ತಿದ್ದಳು. ನೀವೇ ಆ ತರಗತಿಗೆ ಬಂದು, ಎಲ್ಲ ಮಕ್ಕಳ ಎದುರು ನಿಂತು, ‘ನಾನು ಒಪ್ಪಿ ಸಹಿ ಹಾಕಿದ ಪುಸ್ತಕ ತಪ್ಪು, ಸುಷ್ಮಿತಾ ಬರೆದದ್ದು ಸರಿ’ ಎಂದು ಹೇಳಿ. ಸುತ್ತೋಲೆ ಕಳಿಸಬೇಡಿ, ಬನ್ನಿ. ಮಗು ಅಜ್ಜಿಯ ಫೋಟೊ ಕಡೆ ತಿರುಗಿ ನೋಡದೆ ಇವತ್ತಿಗೆ ಇಪ್ಪತ್ತಾರು ದಿನವಾಯಿತು.

ಇಂತಿ,
ಏಳನೇ ತರಗತಿವರೆಗೆ ಓದಿಯೂ ಹೆಂಡತಿಯ ಬಗ್ಗೆ ನಾಲ್ಕು ಸಾಲು ಅಚ್ಚು ಹಾಕಿಸದೆ ಕೂತ
ಧರ್ಮಪ್ಪ, ತಾಳಗುಂದ