ಹದ್ದಿನ ಗೂಡು

ಕಣಿವೆಯಲ್ಲಿ ದಾರಿ ತೋರಿಸುವ ಹುಡುಗನಿಗೆ,

ನಾನು ಹೈಸ್ಕೂಲು ಮುಗಿಸಿದವಳು, ಹದಿನಾಲ್ಕು ಜನರ ಮನೆಗೆ ಹಿರಿಯಳು. ನನ್ನ ಮಾತಿಗೆ ನಮ್ಮಲ್ಲಿ ಎದುರು ಮಾತಿಲ್ಲ. ನೀನು ಮದುವೆಯಾಗಲು ಕೇಳಿರುವ ಹುಡುಗಿಯ ಅಜ್ಜಿ. ನಿನ್ನೆ ನಿನ್ನ ಗುಂಪಿನಲ್ಲಿ ಕೊಡೆ ಊರಿಕೊಂಡು ಬಂದ ಮುದುಕಿಯೂ ನಾನೇ. ಗುರುತು ಹೇಳದೆ ಬಂದದ್ದು ಬೇಕೆಂದೇ. ಜನರನ್ನು ಕಲ್ಲು ಹತ್ತಿಸಿ ಇಳಿಸುವವನಿಗೆ ನಮ್ಮ ಹುಡುಗಿಯನ್ನು ಕೊಡುವುದೇ ಎಂದು ಮೊದಲು ಮೂಗು ಮುರಿದವಳು ನಾನು.

ಎರಡು ಬಂಡೆಗಳ ನಡುವಿನ ಇಳಿಜಾರಿನಲ್ಲಿ ನಾನು ನಿಂತುಬಿಟ್ಟೆ. ನೀನು ಹತ್ತಿರ ಬಂದು ಮೆಲ್ಲಗೆ, "ಅಜ್ಜೀ, ಇಲ್ಲಿ ಗತ್ತು ನಡೆಯಲ್ಲ. ಕೂತ್ಕೊಂಡು ಜಾರಿಬಿಡಿ," ಎಂದೆ. ನನಗೆ ಯಾರಾದರೂ ಅಪ್ಪಣೆ ಕೊಟ್ಟು ನಲವತ್ತು ವರ್ಷವಾಗಿತ್ತು.

"ಇಷ್ಟು ಜನರ ಮುಂದೇನಾ?" ಎಂದು ಕೇಳಿದೆ.

ನೀನು ಕೂಡಲೇ ಉಳಿದವರಿಗೆ, "ಎಲ್ರೂ ಮೇಲೆ ನೋಡಿ, ಹದ್ದಿನ ಗೂಡು!" ಎಂದು ಕೂಗಿದೆ. ಅವರು ಕತ್ತೆತ್ತಿದರು, ನಾನು ಮಗುವಿನಂತೆ ಜಾರಿ ಇಳಿದೆ. ಕೆಳಗೆ ತಣ್ಣನೆಯ ನೀರಿನಲ್ಲಿ ಕಾಲಿಳಿಬಿಟ್ಟು ಸುಖವಾಗಿ ಬುತ್ತಿ ತಿನ್ನುತ್ತಾ ನೀನು ತೋರಿಸಿದ ಮೇಲಿನ ಬಂಡೆಯನ್ನು ಚೆನ್ನಾಗಿ ನೋಡಿದೆ. ಗೂಡೂ ಇರಲಿಲ್ಲ, ಹದ್ದೂ ಇರಲಿಲ್ಲ.

ಹಿರಿಯರ ಮಾನ ಕಾಯಲು ಇಷ್ಟು ಬೇಗ ಸುಳ್ಳು ಹೊಳೆಯುವವನು ನಮ್ಮ ಮನೆಯಲ್ಲಿ ಒಬ್ಬನೂ ಇಲ್ಲ.

ಜಾರುವಾಗ ನಿನ್ನ ಕೈಗಿತ್ತ ನನ್ನ ಕೊಡೆ ನಿನ್ನ ಬಳಿಯೇ ಉಳಿದಿದೆ. ಈ ಪತ್ರ ತಂದ ನನ್ನ ಮೊಮ್ಮಗಳ ಕೈಯಲ್ಲಿ ಕೊಟ್ಟು ಕಳಿಸು. ಅವಳಿಗೂ ಇದನ್ನು ಓದಿ ಹೇಳು, ನಾನು ಜಾರಿದ್ದೊಂದು ಬಿಟ್ಟು. ಅವಳಿಗೆ ನೋಡಿದ್ದ ಇನ್ನೊಂದು ಸಂಬಂಧದವರಿಗೆ ಬೇಡವೆಂದು ಬೆಳಿಗ್ಗೆಯೇ ಹೇಳಿ ಕಳಿಸಿದ್ದೇನೆ.

ಇನ್ನು ನಿನಗೂ ಅಜ್ಜಿಯಾದ,
ಮನೆಯ ಹಿರಿಯಳು