ಟವೆಲ್ಲಿನ ಕೆಳಗಿನ ಠರಾವಿಗೆ ಫೋಟೊ ಕೇಳಿದವರಿಗೆ

ಕುಡಿತ ಬಿಟ್ಟವರ ಗುಂಪುಗಳ ಒಕ್ಕೂಟದ, ಗೋಕಾಕದ ಕಚೇರಿಯ ಮಾನ್ಯ ಕಾರ್ಯದರ್ಶಿಗಳೇ,

ಹುಕ್ಕೇರಿ ಕಡೆಯ ಘೋಡಗೇರಿಯ ನಮ್ಮ ಗುಂಪು ಇನ್ನೂ ಬದುಕಿದೆ. ಪ್ರತಿ ರವಿವಾರ ಸಂಜೆ ಸೇರುತ್ತದೆ, ಚಹಾ ಕುಡಿಯುತ್ತದೆ, ಅಳುತ್ತದೆ, ನಗುತ್ತದೆ, ಇನ್ನೊಮ್ಮೆ ಚಹಾ ಕುಡಿಯುತ್ತದೆ. ಆದರೆ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿ ‘ಹುಕ್ಕೇರಿ ಕಡೆ ಗುಂಪು ಎಲ್ಲಿದೆ’ ಎಂದು ಕೇಳಿದರೆ ‘ಆ ಕಡೆ ಇಲ್ಲ’ ಎಂಬ ಉತ್ತರ ಬರುತ್ತದೆ. ಸುಳ್ಳೇನೋ ಎಂದುಕೊಂಡು ನಾನೇ ಮಾಡಿ ನೋಡಿದೆ. ಫೋನ್ ಎತ್ತಿದವರು ಪಾಪ ಒಳ್ಳೆಯವರು, ಮೊದಲು ‘ಇಲ್ಲ’ ಎಂದರು. ಆಮೇಲೆ ದನಿ ತಗ್ಗಿಸಿ, “ಐತ್ರಿ, ಆದ್ರ ಮ್ಯಾಲಿನವರು ಹೇಳಬ್ಯಾಡ ಅಂದಾರ್ರಿ” ಎಂದರು. ಆ ಮೇಲಿನವರು ನೀವು. ನಮ್ಮ ಅಪರಾಧ ಇಷ್ಟು: ನೀವು ಕೇಳಿದ ವರ್ಗಣಿಯಲ್ಲಿ, ಅಂದರೆ ವಂತಿಗೆಯಲ್ಲಿ, ಸಹಾಯವಾಣಿಯ ಫೋನಿಗೆ ಕೊಟ್ಟೆವು, ಸಮಾವೇಶದ ಶಾಲು-ಹಾರಕ್ಕೆ ಕೊಡಲಿಲ್ಲ. ಹಾಗೆ ತೀರ್ಮಾನಿಸಿದವರ ಹೆಸರು, ಸಹಿ, ಫೋಟೊ ಕಳಿಸಲೂ ಇಲ್ಲ.

ಮುಂದೆ ಹೋಗುವ ಮೊದಲು ಎರಡು ಸೂಚನೆ. ಒಂದು, ಪತ್ರಿಕೆಯಲ್ಲಿ ಅಚ್ಚಾಗಲೆಂದು ಕಳಿಸುತ್ತಿರುವ ಈ ಪತ್ರದಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ, ಕೆಲವರ ಊರನ್ನೂ. ಗಂಡನಿಗೂ ಹೊಸ ಹೆಸರು ಇಟ್ಟಿದ್ದೇನೆ, ಸಾಗರ ಎಂದು. ಅವನಿಗದು ಎಷ್ಟು ಹಿಡಿಸಿದೆ ಎಂದರೆ ಈಗ ಹಳೆಯ ಹೆಸರಿಗೆ ಓಗೊಡುತ್ತಿಲ್ಲ. ಇನ್ನೊಂದು, ನಾನು ಗುಂಪಿನ ಸದಸ್ಯಳಲ್ಲ, ಗುಂಪಿನವನೊಬ್ಬನನ್ನು ಹೊಸದಾಗಿ ಮದುವೆಯಾದವಳು. ಹಾಗಾಗಿ ಗಂಡ ಇಲ್ಲಿ ಅಗತ್ಯಕ್ಕಿಂತ ಹೆಚ್ಚು ಬಾರಿ ಬರುತ್ತಾನೆ. ಕತ್ತರಿಸಲು ಸಂಪಾದಕರಿಗೆ ಹಕ್ಕಿದೆ, ನನಗೆ ಮನಸ್ಸಿಲ್ಲ. ಮೂಡಲಗಿಯಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕನ್ನಡದಲ್ಲಿ ರಜೆ ಚೀಟಿ ಬಿಟ್ಟು ಬೇರೇನೂ ಬರೆದು ರೂಢಿಯಿಲ್ಲ. ಇಷ್ಟು ಉದ್ದ ಬರೆಯುವಂತೆ ಮಾಡಿದ ಕೀರ್ತಿ ನಿಮಗೇ ಸಲ್ಲಬೇಕು.

ಹೆಣ್ಣು ನೋಡಲು ಬಂದ ದಿನವೇ ಸಾಗರ ಅವಲಕ್ಕಿಯ ಪ್ಲೇಟು ಕೆಳಗಿಟ್ಟು, “ನಾ ಭಾಳ ಕುಡೀತಿದ್ನಿ. ಈಗ ಬಿಟ್ಟೇನಿ. ಇದನ್ನ ಕೇಳಿದ ಮ್ಯಾಲ ಬ್ಯಾಡ ಅನಸಿದ್ರ ಈಗ ಹೇಳ್ರಿ, ಅವಲಕ್ಕಿ ತಿಂದು ಹೊಕ್ಕೇನಿ” ಎಂದ. ನನ್ನ ಅಪ್ಪ ಕೆಮ್ಮಿದರು. ಅವ್ವ ಒಳಗೆ ಹೋದಳು. ನಾನು ಮಾತ್ರ ಅಲ್ಲೇ, ಆ ಪ್ಲೇಟಿನ ಮುಂದೆಯೇ, ಅವನಿಗೆ ಬಿದ್ದುಹೋದೆ. ಅದಕ್ಕೂ ಮೊದಲು ಬಂದ ಗಂಡುಗಳೆಲ್ಲ ತಮ್ಮ ಪಗಾರ ಹೇಳಿದ್ದರು, ಯಾರೂ ತಮ್ಮನ್ನು ಹೇಳಿಕೊಂಡಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಜೋಡಿಯನ್ನು ಬಳಗದವರೆಲ್ಲ ಊಟಕ್ಕೆ ಕರೆಯುತ್ತಾರಲ್ಲ, ಹಾಗೆ ನಮ್ಮನ್ನು ಗುಂಪಿನವರೂ ಕರೆದರು. ಸಾಗರನ ಮಟ್ಟಿಗೆ ಅದೂ ಒಂದು ಬೀಗರ ಮನೆ. ಹೋಳಿಗೆ ಊಟವಾಯಿತು. ಊಟದ ನಂತರ ಅವರ ಮುಂದಿದ್ದ ವಿಷಯ ನಿಮ್ಮ ಪತ್ರ: ಒಕ್ಕೂಟಕ್ಕೆ ವರ್ಗಣಿ ಕೊಡಬೇಕೋ ಬೇಡವೋ. ನನ್ನನ್ನು ಹೊರಗೆ ಕಳಿಸಲಿಲ್ಲ. ಕೆಟಲ್ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಹಾಗಾಗಿ ನಿಮಗೆ ಫೋಟೊ ಇಲ್ಲ, ಸಾಕ್ಷಿ ಇದ್ದಾಳೆ.

ತೀರ್ಮಾನ ಹೇಗಾಗುತ್ತದೆ ಎಂಬುದನ್ನು ಕೇಳಿ. ಗುಂಪಿನ ಹಿರಿಯರಾದ ಹೊಳೆಪ್ಪ ಕಾಕಾ ಕುರಿ ಸಾಕುವವರು, ಒಂದು ಕಾಲಕ್ಕೆ ಕುರಿ ಪೇಟೆಯಲ್ಲಿ ದಲಾಲಿ ಮಾಡಿದವರು. ಪೇಟೆಯಲ್ಲಿ ದರ ಕೂಗುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಾರೆ, ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಗುಂಪಿನ ಮತದಾನವೂ ಹಾಗೆಯೇ. ಕಾಕಾ ಕೈಮೇಲೆ ಟವೆಲ್ ಹಾಸಿ ಕೂರುತ್ತಾರೆ. ಒಬ್ಬೊಬ್ಬರಾಗಿ ಎದುರು ಕೂತು ಕೈ ಒಳಗೆ ಹಾಕುತ್ತಾರೆ. ಬೆರಳು ಹಿಡಿದರೆ ಕೊಡೋಣ, ಮುಷ್ಟಿ ಕಟ್ಟಿದರೆ ಬೇಡ, ಅಂಗೈ ಬಿಚ್ಚಿ ಇಟ್ಟರೆ ‘ನನಗಿನ್ನೂ ತಿಳಿದಿಲ್ಲ’. ಒಂದೇ ಒಂದು ಅಂಗೈ ಬಿಚ್ಚಿದ್ದರೂ ಮಾತುಕತೆ ಮತ್ತೆ ಮೊದಲಿನಿಂದ. ಗುಂಪಿಗೆ ಎಲ್ಲರಿಗಿಂತ ಹೊಸದಾಗಿ ಬಂದವರದ್ದೇ ಮೊದಲ ಕೈ, ಹಿರಿಯರ ಮುಖ ನೋಡಿ ಹೂಂ ಅನ್ನಬಾರದೆಂದು. ಯಾರದ್ದು ಏನೆಂದು ಕಾಕಾ ಹೊರಗೆ ಹೇಳುವುದಿಲ್ಲ, ಫಲಿತಾಂಶ ಮಾತ್ರ ಹೇಳುತ್ತಾರೆ.

ನನಗೆ ಇದು ಎಷ್ಟು ಇಷ್ಟವಾಯಿತೆಂದರೆ ಕೆಟಲ್ ಬಿಟ್ಟು ಹೋಗಿ ನಾನೂ ಕೈ ಚಾಚಿದೆ. ಕಾಕಾ ಟವೆಲ್ ಹಿಂದೆಳೆದುಕೊಂಡು, “ಮದಲ ಕುಡಿ, ಆಮ್ಯಾಲ ಬಿಡು, ಆಮ್ಯಾಲ ಬಾರವಾ ತಂಗಿ. ಈಗ ಚಾ ಸೋಸು” ಎಂದರು. ಸೋಸಿದೆ.

ಸಿದ್ರಾಮ ಮಾಸ್ತರು ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಿದರು. ಸಹಾಯವಾಣಿಯ ಖರ್ಚು, ಗೋಕಾಕದ ಹೋಟೆಲಿನಲ್ಲಿ ವಾರ್ಷಿಕ ಸಮಾವೇಶ, ಅತಿಥಿಗಳಿಗೆ ಕಾರು, ಶಾಲು, ಹಾರ, ಸಾಧಕರಿಗೆ ಹಿತ್ತಾಳೆ ಕಪ್ಪು. ಕಪ್ಪಿನ ಮಾತು ಬರುತ್ತಲೇ ಉದ್ದವ್ವ ನಕ್ಕಳು. ಹೊಲದ ಕೂಲಿ ಮಾಡುವ ಉದ್ದವ್ವ ಗುಂಪಿನಲ್ಲಿರುವ ಒಬ್ಬಳೇ ಹೆಂಗಸು, ಬಾಯಿ ಮಾತ್ರ ಇಬ್ಬರಷ್ಟು.

“ಹ್ವಾದ ವರ್ಸ ನನಗೂ ಕೊಟ್ಟಾರ ಅದನ್ನ. ಕೈಯಾಗ ಹಿಡದ ಕೂಡ್ಲೆ, ಇದರಾಗ ಎಷ್ಟು ಹಿಡೀತೈತಿ ಅಂತ ಕಣ್ಣು ಅಳೀಲಾಕ ಹತ್ತಿತು. ಕುಡಿಯೂದು ಬಿಟ್ಟವರಿಗೆ ಕುಡಿಯೂ ಕಪ್ಪ ಕೊಡ್ತಾರ, ಎಂಥಾ ಶಾಣ್ಯಾರವಾ ಇವರು! ಈಗ ಅದರಾಗ ಕೋಳಿಗೆ ನೀರ ಇಡತೇನಿ.”

“ಹಂಗಾದ್ರ ಒಕ್ಕೂಟಕ್ಕ ಏನೂ ಕೊಡೂದ ಬ್ಯಾಡೇನ?” ಎಂದು ಮಾಸ್ತರು ಕೇಳಿದರು.

ಆಗ ಸಾಗರ ಎದ್ದ. (ನೋಡಿ, ಮತ್ತೆ ಬಂದ.) “ನಾ ಫೋನ್ ಹಚ್ಚಿದಾಗ ಆ ಕಡೆಯವರು ಬುದ್ಧಿ ಹೇಳಲಿಲ್ರಿ. ‘ಊಟಾ ಆತೇನಪಾ’ ಅಂದ್ರು. ಇಲ್ಲ ಅಂದ್ನಿ. ‘ಉಣ್ಣು, ನಾ ಫೋನ್ ಇಡೂದಿಲ್ಲ’ ಅಂದ್ರು. ನಾ ರೊಟ್ಟಿ ತಿನ್ನೂತನಕ ಅವರು ಸುಮ್ನ ಕಿವಿಗೆ ಹಚಕೊಂಡು ಕುಂತಿದ್ರು. ಆಮ್ಯಾಲ ಈ ಗುಂಪಿನ ವಿಳಾಸ ಹೇಳಿದ್ರು. ಆ ಫೋನ್ ಬಂದ್ ಆಗಬಾರದ್ರಿ.”

ಕಾರ್ಯದರ್ಶಿಗಳೇ, ಆ ಫೋನು ನಿಮ್ಮದು. ಅದನ್ನು ಇಟ್ಟಿರುವ ಒಕ್ಕೂಟದೊಡನೆ ನನಗಿರುವ ಜಗಳಕ್ಕಿಂತ ಋಣವೇ ದೊಡ್ಡದು. ಅಂದು ಯಾರೋ ಫೋನ್ ಎತ್ತದೆ ಹೋಗಿದ್ದರೆ ನಮ್ಮ ಮನೆಗೆ ಅವಲಕ್ಕಿ ತಿನ್ನಲು ಬರುವವನೇ ಇರುತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಒಕ್ಕೂಟ ಬೇಡವೆಂದು ಅಲ್ಲಿ ಯಾರೂ ಅನ್ನಲಿಲ್ಲ. ಟವೆಲ್ಲಿನ ಕೆಳಗೆ ಎರಡು ಪ್ರಶ್ನೆ ಬೇರೆಬೇರೆಯಾಗಿ ಹೋದವು. ಫೋನಿಗೆ ಕೊಡಬೇಕೇ? ಸಮಾವೇಶಕ್ಕೆ ಕೊಡಬೇಕೇ?

ಮೊದಲ ಸುತ್ತಿನಲ್ಲೇ ಒಂದು ಅಂಗೈ ಬಿಚ್ಚಿತು. ಯಾರದೆಂದು ಕಾಕಾ ಹೇಳಲಿಲ್ಲ. ಆದರೆ ಮಾತು ಮತ್ತೆ ಶುರುವಾದಾಗ ಹೊಸದಾಗಿ ಸೇರಿದ್ದ ಗುರುಪಾದ ತಾನೇ ಬಾಯಿ ಬಿಟ್ಟ. “ಈ ಪೈಸಾ ಕೊಟ್ರ ಅವರು ನಮ್ಮ ಹೆಸರ ಕೇಳತಾರೇನ್ರಿ?” ಅವನು ಏನು ಕೆಲಸ ಮಾಡುತ್ತಾನೆಂದು ನಾನು ಬರೆಯುವುದಿಲ್ಲ. ಅವನು ಹಿಂದೆ ಕುಡಿಯುತ್ತಿದ್ದ ಎಂದು ಗೊತ್ತಾದರೆ ಹೋಗಿಬಿಡುವಂಥ ಕೆಲಸ, ಅಷ್ಟು ಸಾಕು. ಎಲ್ಲರೂ ನಕ್ಕರು. ಮಾಸ್ತರಂತೂ ಅವನ ಬೆನ್ನು ತಟ್ಟಿ, “ಏ ಹುಚ್ಚಾ, ಅವರ್ಯಾಕ ಕೇಳತಾರ? ಅವರೂ ನಮ್ಮಂಥಾವ್ರ” ಎಂದರು. ಎರಡನೆಯ ಸುತ್ತು ಸರಾಗವಾಗಿ ಮುಗಿಯಿತು. ಫೋನಿಗೆ ಕೊಡೋಣ, ಸಮಾವೇಶಕ್ಕೆ ಬೇಡ.

ನೀವು ಹೆಸರು ಕೇಳಿಯೇಬಿಟ್ಟಿರಿ. ಮಾಸ್ತರ ಮಾತನ್ನು ಸುಳ್ಳು ಮಾಡಲು ನಿಮಗೆ ಎರಡು ವಾರವೂ ಬೇಕಾಗಲಿಲ್ಲ. ಫೋನಿಗೆಂದು ಕಳಿಸಿದ ಹಣ ವಾಪಸ್ ಬಂತು, ಜೊತೆಗೆ ಸೂಚನೆ: ಪೂರ್ತಿ ಕೊಡಿ ಇಲ್ಲವೇ ಏನೂ ಬೇಡ, ಕೊಡುವುದಾದರೆ ಹಾಜರಿದ್ದ ಸದಸ್ಯರ ಹೆಸರು, ಸಹಿ, ಕೈ ಎತ್ತಿರುವ ಫೋಟೊ ಸಹಿತ ಠರಾವು ಕಳಿಸಿ. ತುಕ್ಕಾನಟ್ಟಿ ಕಡೆಯ ಗುಂಪಿನವರು ನಮಗಿಂತ ಚುರುಕು, ಎಲ್ಲರೂ ಗೋಡೆಯ ಕಡೆ ತಿರುಗಿ ನಿಂತು ಬೆನ್ನಿನ ಫೋಟೊ ಕಳಿಸಿದರಂತೆ. ‘ಮುಖ ಸ್ಪಷ್ಟವಿಲ್ಲ’ ಎಂದು ನೀವು ಮರಳಿಸಿದಿರಂತೆ. ಒಬ್ಬರನ್ನೊಬ್ಬರು ಬಯಲು ಮಾಡುವುದಿಲ್ಲ ಎಂಬ ಒಂದೇ ಮಾತಿನ ಮೇಲೆ ನಿಂತಿರುವ ಗುಂಪುಗಳಿಗೆ ನೀವು ಒಕ್ಕೂಟ, ಅಲ್ಲವೇ? ಅಥವಾ ಫೋಟೊ ಸ್ಟುಡಿಯೋಗಳಿಗೋ?

ಇರಲಿ, ಎದುರುಬದುರು ಕೂತು ಮಾತಾಡಿದರೆ ಬಗೆಹರಿಯುತ್ತದೆ ಎಂದುಕೊಂಡು ನಾವಿಬ್ಬರೂ ಗೋಕಾಕಕ್ಕೆ ಬಂದೆವು. ನಾನು ಮದುವೆಯ ಸೀರೆ ಉಟ್ಟಿದ್ದೆ. ನೆನಪಿದೆಯೇ? ಕಾಕಾನ ಟವೆಲ್ಲಿನ ಮತದಾನವನ್ನು ಸಾಗರ ನಿಮಗೆ ಬಿಡಿಸಿ ಹೇಳಿದ.

“ಟಾವೆಲ್ ತಳಗ ಏನ ಆತು ಅಂತ ನಾ ಆಡಿಟರಿಗೆ ಏನ ತೋರಸಲಿ?” ಎಂದಿರಿ. “ಒಕ್ಕೂಟ ಅಂದ್ರ ಕುರಿ ಪ್ಯಾಟಿ ಅಂತ ತಿಳದೀರೇನ?”

“ಅಲ್ಲೆ ಮೋಸ ಕಡಿಮಿ ಇರತೈತ್ರಿ” ಎಂದೆ ನಾನು.

“ನೀವ್ಯಾರು?”

“ಇವರ ಹೆಂಡ್ತಿರಿ. ಹೊಸಾಕಿ.”

ಸಾಗರ ಮೇಜಿನ ಕೆಳಗೆ ನನ್ನ ಕಾಲು ತುಳಿದ. ನೀವು ಅವನ ಕಡೆ ತಿರುಗಿ, “ತಮ್ಮಾ, ಸಂಸಾರಸ್ಥರನ್ನ ಮೀಟಿಂಗಿಗೆ ಕರಕೊಂಡು ಬರಬ್ಯಾಡ” ಎಂದಿರಿ. ಹೊರಗೆ ಬರುವಾಗ ಸಹಾಯಕರಿಗೆ ಹೇಳಿದ್ದೂ ನನ್ನ ಕಿವಿಗೆ ಬಿತ್ತು: “ವರ್ಗಣಿ ಬರೂತನಕ ಘೋಡಗೇರಿ ಹೇಳಬ್ಯಾಡ್ರಿ.” ರೀಚಾರ್ಜ್ ಮಾಡದ ಸಿಮ್ ಬಂದ್ ಮಾಡಿದಷ್ಟೇ ಸಲೀಸಾಗಿ.

ಲೆಕ್ಕ ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕೊಟ್ಟವರಿಗೆ ರಶೀದಿ ಕೊಡಿ, ಖರ್ಚಿಗೆ ಬಿಲ್ ಇಡಿ, ಆಡಿಟರರು ಸಂತೋಷಪಡುತ್ತಾರೆ. ಹಣ ಗುಂಪಿನ ಖಾತೆಯಿಂದ ಬಂದಿದೆ ಎಂದ ಮೇಲೆ ಯಾವ ಕೈ ಹೂಂ ಅಂದಿತು, ಯಾವ ಕೈ ಉಹೂಂ ಅಂದಿತು ಎಂಬುದು ಅವರಿಗೇಕೆ? ನಿಮಗೇಕೆ? ಕೈ ಎತ್ತಿಸಿ ಫೋಟೊ ತೆಗೆದರೆ ಸಿಗುವುದು ಒಪ್ಪಿಗೆಯಲ್ಲ, ಮುಲಾಜು. ಪಕ್ಕದವನು ಎತ್ತಿದ, ನಾನೂ ಎತ್ತಿದೆ. ಮುಲಾಜಿಗೆ ಮೊದಲ ಗ್ಲಾಸು ಹಿಡಿದವರೇ ತುಂಬಿರುವ ಗುಂಪಿನಲ್ಲಿ ನೀವು ಮುಲಾಜಿನ ಮತ ಕೇಳುತ್ತಿದ್ದೀರಿ ಎಂಬುದಾದರೂ ನಿಮಗೆ ಹೊಳೆಯಬೇಡವೇ? ಇಲ್ಲ ಎನ್ನಲು ಅವರು ಎಷ್ಟು ಕಷ್ಟಪಟ್ಟು ಕಲಿತಿದ್ದಾರೆ! ನಿಮಗೊಮ್ಮೆ ಇಲ್ಲ ಎಂದದ್ದಕ್ಕೆ ನೀವು ಹಬ್ಬ ಮಾಡಬೇಕಿತ್ತು. ಶಾಲು ಹೊದಿಸುವುದಿದ್ದರೆ ಆ ಮುಷ್ಟಿಗಳಿಗೇ ಹೊದಿಸಬಹುದಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ನನಗೆ ಈಗ ನಗಲು ಬೇಕಾದಷ್ಟು ಕಾರಣಗಳಿವೆ. ಆದರೆ ಮೊನ್ನೆ ಕಾಶೆವ್ವ ಸಿಕ್ಕಳು.

ಕಾಶೆವ್ವ ದಡ್ಡಿಗೆ ಕೊಟ್ಟ ಹೆಣ್ಣು, ಅವಳ ತವರು ನಮ್ಮ ಘೋಡಗೇರಿ. ಗಂಡ ಸಿದ್ರಾಯ ಗವಂಡಿ, ಗೋಡೆ ಕಟ್ಟುವುದರಲ್ಲಿ ಎತ್ತಿದ ಕೈ, ಕುಡಿತದಲ್ಲೂ. ಅವನು ಒಂದು ರವಿವಾರ ಮುಂಜಾನೆ ತಾನಾಗಿಯೇ, “ನನಗ ಸಾಕಾಗೈತಿ, ಎಲ್ಲರೆ ಕರಕೊಂಡ ಹೋಗು” ಅಂದನಂತೆ. ಹೆಂಡತಿಯಾದವಳು ಇಂಥ ಒಂದು ಮಾತಿಗೆ ಎಷ್ಟು ವರ್ಷ ಕಾದಿರುತ್ತಾಳೆಂದು ನಿಮ್ಮ ಒಕ್ಕೂಟಕ್ಕೆ ಬಿಡಿಸಿ ಹೇಳಬೇಕಿಲ್ಲ. ಅವಳು ಆಸ್ಪತ್ರೆಯ ಗೋಡೆಯ ಮೇಲೆ ನೋಡಿಟ್ಟುಕೊಂಡಿದ್ದ ನಿಮ್ಮ ನಂಬರಿಗೆ ಫೋನ್ ಮಾಡಿದಳು. ಹುಕ್ಕೇರಿ ಕಡೆ ಇಲ್ಲ, ಗೋಕಾಕದಲ್ಲಿ ಬುಧವಾರ ಬನ್ನಿ ಎಂಬ ಉತ್ತರ ಬಂತು. ಬುಧವಾರದವರೆಗೆ ಆ ಮನಸ್ಸನ್ನು ಹಿಡಿದಿಡಲು ಆ ಮನುಷ್ಯನಿಂದ ಆಗಲಿಲ್ಲ. ಸಂಜೆಗೆ ಮತ್ತೆ ಅಂಗಡಿಗೆ ಹೋದ. ಈಗ ಮಾತೆತ್ತಿದರೆ, “ಅವತ್ತ ಕೇಳಿದ್ನಲ್ಲ, ಎಲ್ಲೂ ಇಲ್ಲಂತ” ಎನ್ನುತ್ತಾನೆ.

ಆ ರವಿವಾರ ಸಂಜೆ ನಮ್ಮ ಗುಂಪು ಸೇರಿತ್ತು. ಅವಳ ಅಣ್ಣನ ಮನೆಯ ಹಿಂದಿನ ಓಣಿಯಲ್ಲಿ.

ಇದನ್ನು ನಾನೇ ಅವಳಿಗೆ ಹೇಳಬೇಕಾಯಿತು. ಅವಳು ತವರಿಗೆ ಬಂದಿದ್ದಳು, ಇಬ್ಬರೂ ಗಿರಣಿಯಲ್ಲಿ ಹಿಟ್ಟು ಬೀಸಿಸಲು ನಿಂತಿದ್ದೆವು. ಅವಳು ತಲೆಯ ಮೇಲಿನ ಡಬ್ಬಿ ಇಳಿಸಿ ಕೆಳಗಿಟ್ಟಳು. ಆಮೇಲೆ ಅಂದಳು: “ಅಲ್ಲವಾ, ನಮ್ಮಣ್ಣನ ಮನಿಗೆ ಉಣ್ಣಾಕ ಹೋಗೂಣು ಬಾ ಅಂದಿದ್ರ ಓಡಿ ಬರತಿದ್ದ ಅಂವಾ. ಅವರು ಯಾಕ ಹೇಳಲಿಲ್ಲ? ನಾವ ಏನ ತಪ್ಪ ಮಾಡಿದ್ವಿ ಅವರಿಗೆ?”

ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ಕಾಶೆವ್ವ ನಿಮಗೆ ವರ್ಗಣಿ ಬಾಕಿ ಉಳಿಸಿಕೊಂಡಿದ್ದಳೇ? ಸಿದ್ರಾಯ ಯಾವ ಠರಾವಿಗೆ ಸಹಿ ಹಾಕಿರಲಿಲ್ಲ? ಗುಂಪಿನ ಮೇಲಿನ ಸಿಟ್ಟನ್ನು ಗುಂಪಿಗೆ ಇನ್ನೂ ಬಂದೇ ಇಲ್ಲದವನ ಮೇಲೆ ತೀರಿಸಿಕೊಳ್ಳುವುದನ್ನು ಯಾವ ಸಮಾವೇಶದಲ್ಲಿ ಕಲಿಸಿದರು?

ಬೇಡಿಕೆ ದೊಡ್ಡದೇನಲ್ಲ. ಕೇಳಿದವರಿಗೆ ಘೋಡಗೇರಿ ಇದೆ ಎಂದು ಹೇಳಲು ನಿಮ್ಮ ಫೋನಿನವರಿಗೆ ಇಂದೇ ತಿಳಿಸಿ. ವರ್ಗಣಿ ಕೊಟ್ಟ ಗುಂಪು, ಕೊಡದ ಗುಂಪು ಎಂಬ ಭೇದವನ್ನು ಆ ಫೋನಿನ ಹತ್ತಿರ ತರಬೇಡಿ. ಯಾರ ಹೆಸರನ್ನೂ ಕೇಳಬೇಡಿ. ನಮ್ಮ ಹಣ ಫೋನಿಗೆಂದೇ ಇನ್ನೂ ತೆಗೆದಿಟ್ಟಿದೆ, ಬೇಕಾದಾಗ ತರಿಸಿಕೊಳ್ಳಿ. ಸಿಟ್ಟು ಇಳಿಯಲು ನೀವು ಸಮಯ ತೆಗೆದುಕೊಳ್ಳಿ, ಆದರೆ ಕುಡಿಯುವವನ ಮನಸ್ಸು ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ಗುಂಪಿನ ಒಪ್ಪಿಗೆ ಪಡೆದು, ಮುಂದಿನ ಸಾಲುಗಳನ್ನು ನಾನು ನಿಮಗಲ್ಲ, ಇನ್ನೊಬ್ಬರಿಗೆ ಬರೆಯುತ್ತಿದ್ದೇನೆ.

ಅಣ್ಣಾ, ನೀವು ಯಾರೆಂದು ನಿಮಗೆ ಗೊತ್ತು. ನೀವು ಕೇಳಿದ ದಿನ ಇಲ್ಲ ಎಂದದ್ದು ಸುಳ್ಳು. ಘೋಡಗೇರಿಯ ಹಳೆಯ ಉಣ್ಣೆ ಸೊಸೈಟಿಯ ಹಿಂದಿನ ಕೋಣೆ, ರವಿವಾರ, ಹೊತ್ತು ಮುಳುಗುವ ಮುಂಚೆ. ಹೊರಗೆ ಬೋರ್ಡು ಇಲ್ಲ, ಚಪ್ಪಲಿಗಳ ರಾಶಿ ಇರುತ್ತದೆ. ಕುಡಿದೇ ಬಂದರೂ ಒಳಗೆ ಜಾಗ ಕೊಡುತ್ತಾರೆ, ಆ ದಿನ ಮಾತಾಡಲು ಮಾತ್ರ ಬಿಡುವುದಿಲ್ಲ, ಸುಮ್ಮನೆ ಕೂತು ಕೇಳಬೇಕು. ಬಾಗಿಲ ಹತ್ತಿರ ಕೂತ ಹೆಂಗಸು ಬೈದರೆ ಹೆದರಬೇಡಿ, ಅವಳು ಸ್ವಾಗತ ಮಾಡುವುದೇ ಹಾಗೆ. ಈ ರವಿವಾರವೂ ಸೇರುತ್ತಾರೆ. ಬನ್ನಿ.

ಇಂತಿ,
ಕೈಯ ಮೆಹಂದಿ ಮಾಸುವ ಮೊದಲೇ ಒಕ್ಕೂಟದೊಡನೆ ಜಗಳಕ್ಕೆ ಬಿದ್ದ, ಸ್ವಂತ ಹೆಸರು ಹಾಕಿಕೊಳ್ಳಲು ಬಹಳ ಆಸೆಯಿದ್ದರೂ ಗಂಡನ ಗುಂಪು ಬಿಡದ,
ಘೋಡಗೇರಿಯ ಹೊಸ ಸೊಸೆ