ಕಾಫಿ ಡಬ್ಬಿಯಲ್ಲಿ ಬಂದ ಬೋಲ್ಟು

ಬ್ರೇನರ್ಡ್, ಮಿನ್ನೆಸೋಟ
ಮಾರ್ಚ್ 6

ಹಟಮಾರಿ ಮುದುಕ ಆರ್ವಿಲ್‌ಗೆ ಆರ್ಡಿಸ್ ಮಾಡುವ ನಮಸ್ಕಾರ.

ನೀನು ಕಳಿಸಿದ ಕಾಫಿ ಡಬ್ಬಿ ನಿನ್ನೆ ಬಂತು. ಕಾಫಿಯೆಂದುಕೊಂಡು ಚಮಚ ಹಿಡಿದೇ ಮುಚ್ಚಳ ತೆಗೆದೆ. ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಎಣ್ಣೆಕಾಗದ ಬಿಡಿಸಿ, ಕನ್ನಡಕ ಹುಡುಕಿ, ಗುಂಡು ತುಂಬುವಾಗ ಹಿಂದೆ ಮುಂದೆ ಎಳೆಯುವ ಬೋಲ್ಟು ಅದು; ಅದರ ಹಿಡಿಯ ಮೇಲಿನ ಸಂಖ್ಯೆ ಓದಿದೆ. ನನ್ನ ರೈಫಲ್ಲಿನ ಸಂಖ್ಯೆಯೇ! ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ. ಯಾರಿಗಾದರೂ ಹೇಳಿದರೆ ಜೋಕೆ.

ನನ್ನ ಗಂಡ ಎಲ್ಮರ್ ಆ ರೈಫಲ್ಲನ್ನು ಹಾರ್ಡ್‌ವೇರ್ ಅಂಗಡಿಯ ಪೀಪಾಯಿಯಿಂದ ಎತ್ತಿಕೊಂಡು ಬಂದದ್ದು ನಮ್ಮ ಮದುವೆಯಾದ ವರ್ಷ. ಯುದ್ಧ ಮುಗಿದು ಸೇನೆಗೆ ಬೇಡವಾದ ಮಾಲು, ಸೌದೆಯ ಹಾಗೆ ನಿಲ್ಲಿಸಿದ್ದರು. ಬೋಲ್ಟುಗಳು ಬೇರೆ ಪೆಟ್ಟಿಗೆಯಲ್ಲಿದ್ದವು. ರೈಫಲ್ಲಿಗೂ ಅದರ ಬೋಲ್ಟಿಗೂ ಒಂದೇ ಸಂಖ್ಯೆ ಇರಬೇಕು; ಅಂಗಡಿಯವನು ಅದನ್ನು ನೋಡದೆ ಕೈಗೆ ಸಿಕ್ಕಿದ್ದನ್ನು ತುರುಕಿ ಕೊಟ್ಟ. ಜಿಂಕೆ ಬೇಟೆಗೆ ಅಷ್ಟು ಸಾಕಿತ್ತು. ಎಲ್ಮರ್ ತೀರಿಹೋದ ಮೇಲೆ ಮಾತ್ರ ಆ ತಪ್ಪು ಸಂಖ್ಯೆ ಹಲ್ಲಿನ ಸಂದಿಯ ನಾರಿನಂತೆ ನನ್ನನ್ನು ಕಾಡತೊಡಗಿತು.

ಆಮೇಲೆ ಒಂದು ವರ್ಷ ಏಪ್ರಿಲ್‌ನ ಬಂದೂಕು ಸಂತೆಯಲ್ಲಿ, ನಿನ್ನ ಮೇಜಿನ ಬಿಡಿಭಾಗಗಳ ರಾಶಿಯಲ್ಲಿ ಸರಿಯಾದ ಬೋಲ್ಟು ಕಂಡಿತು. ಬೆಲೆ ಕೇಳಿದರೆ ನೀನು ಹಲ್ಲು ಕಿರಿದೆ.

"ಇದು ಮಾರೋದಲ್ಲ ಕಣಮ್ಮಾ. ನಿನ್ ರೈಫಲ್ಲೇ ನಂಗೆ ಮಾರು, ಜೋಡಿ ಮಾಡ್ತೀನಿ."

"ನಿನ್ ಹೆಣದ ಜೊತೆ ಹೂಳ್ಕೋ ಹೋಗು," ಎಂದೆ ನಾನು.

"ಹೂಳೋಕೆ ನೀನೇ ಬರ್ಬೇಕು. ಬರ್ವಾಗ ಹಣ್ಣಿನ ಪೈ ಮಾಡ್ಕೊಂಡು ಬರೋದು ಮರೀಬೇಡ."

ಅಲ್ಲಿಂದ ವರ್ಷ ವರ್ಷವೂ ಅದೇ ಜಗಳ, ನನ್ನ ಬ್ಲೂಬೆರಿ ಪೈ, ನಿನ್ನ ಫ್ಲಾಸ್ಕಿನ ಕೆಟ್ಟ ಕಾಫಿ. ಒಮ್ಮೆ ನಾನು ರೈಫಲ್ಲಿನ ಮರದ ಹಿಡಿಯ ಗೀರುಗಳಿಗೆ ಉಜ್ಜುಕಾಗದ ಹಾಕಿ ಹೊಸದು ಮಾಡುತ್ತೇನೆ ಎಂದಾಗ ಮೇಜು ಗುದ್ದಿದ್ದೆಯಲ್ಲ! "ಆ ಗೀರು ಬಿದ್ದಾಗ ಯಾವನೋ ಸಿಪಾಯಿ ಹುಡುಗ ಯುದ್ಧದ ಚಳೀಲಿ ನಡುಗ್ತಾ ನಿಂತಿದ್ದ. ಅದನ್ನ ಅಳಿಸೋಕೆ ನೀನ್ಯಾವಳೇ?" ಎಂದೆ ನೀನು. ನಾನು ಉಜ್ಜಲಿಲ್ಲ. ಮರದ ಕುತ್ತಿಗೆಯಲ್ಲಿ ಹೆಬ್ಬೆರಳು ಸವೆಸಿದ ತಗ್ಗೊಂದಿದೆ. ಮೊದಲು ಆ ಹುಡುಗನದು, ಆಮೇಲೆ ಎಲ್ಮರನದು. ಈಗ ನನ್ನದನ್ನೂ ಅಲ್ಲೇ ಇಟ್ಟು ಕೂರುತ್ತೇನೆ. ಅಂಗಡಿಯಲ್ಲಿ ಹೊಳೆಯುವ ಯಾವ ಹೊಸ ಬಂದೂಕಿನಲ್ಲಿ ಇದು ಸಿಗುತ್ತದೆ? ನೀನು ಬೈಯದಿದ್ದರೆ ಅಷ್ಟನ್ನೂ ಪುಡಿ ಮಾಡಿ ಗುಡಿಸಿಬಿಡುತ್ತಿದ್ದೆ. ಅದಕ್ಕೆ ನಾನು ನಿನಗೆ ಋಣಿ.

ಆದರೆ ಡಬ್ಬಿಯಲ್ಲಿದ್ದ ಚೀಟಿ ಓದಿ ಮೈ ಉರಿಯಿತು. ಸೊಂಟ ಮುರಿದಿದೆಯಂತೆ, ಮೇಜು ಬಿಟ್ಟುಕೊಟ್ಟೆಯಂತೆ, ಇನ್ನು ಸಂತೆಗೆ ಬರುವುದಿಲ್ಲವಂತೆ, ಇದ್ದದ್ದನ್ನೆಲ್ಲ ಹಂಚುತ್ತಿದ್ದೀಯಂತೆ. ಉಸಿರಾಡುತ್ತಿರುವಾಗಲೇ ಸತ್ತವನ ಹಾಗೆ ಹಂಚುತ್ತಾರೇನಯ್ಯಾ? ನನ್ನ ಎರಡೂ ಮಂಡಿ ಹೋಗಿವೆ, ನಾನು ಬರುತ್ತಿಲ್ಲವೇ?

ಬೋಲ್ಟನ್ನು ಹಾಕಿ ನೋಡಿದೆ. ತಮ್ಮ ಮನೆಯ ಕತ್ತಲಲ್ಲಿ ನಡೆಯುವವರ ಹಾಗೆ ಎಲ್ಲೂ ತಡವರಿಸದೆ ಒಳಗೆ ಹೋಯಿತು. ಆ ಸದ್ದು ಎಲ್ಮರ್ ಕೇಳಬೇಕಿತ್ತು. ದೊಡ್ಡ ಉಪಕಾರ ಮಾಡಿದೆ, ಆರ್ವಿಲ್.

ನಿನ್ನ ಜಗಳಗಂಟಿ,
ಆರ್ಡಿಸ್ ಲುಂಡೀನ್

ಇನ್ನೊಂದು ಮಾತು: ಇದರ ಜೊತೆಗೆ ನಿನ್ನ ಡಬ್ಬಿ ವಾಪಸು ಕಳಿಸಿದ್ದೇನೆ. ಬೋಲ್ಟು ಅದರೊಳಗೇ ಇದೆ. ನಿನ್ನ ಮೇಜನ್ನು ನನ್ನ ಹೆಸರಿನಲ್ಲಿ ಹಿಡಿದಿದ್ದೇನೆ, ಕುರ್ಚಿಗೆ ದಿಂಬು ತರುತ್ತೇನೆ. ಏಪ್ರಿಲ್‌ನಲ್ಲಿ ನೀನೇ ಬಂದು ಬೋಲ್ಟನ್ನು ಮೇಜಿನ ಮೇಲಿಡು. ನಾನು ಬೆಲೆ ಕೇಳುತ್ತೇನೆ. ಮಾರೋದಿಲ್ಲ ಅನ್ನು.